ಸಿನಿಮಾ ನೋಡಿ ಸತ್ತವನ ಸಾಕ್ಷ್ಯಚಿತ್ರ

ನನಗೆ ಇಂಥವು ಆಗುತ್ತಲೇ ಇರುತ್ತವೆ. ಬೇರೆಯವರು ಜಾರುವ ಜಾಗವನ್ನು ಸೆರಗು ಸರಿಪಡಿಸಿಕೊಂಡು ಎಚ್ಚರದಿಂದ ದಾಟುತ್ತೇನೆ. ನಾನೇ ಮುಂದೆ ನಿಂತು ಗುಡಿಸಿ, ಒರೆಸಿ, ಒಣಗಿಸಿದ ಜಾಗದಲ್ಲಿ ಬೀಳುತ್ತೇನೆ.

ಘಟ್ಟದ ಕೆಳಗಿನ ಕಾನ್ವೆಂಟಿನಲ್ಲಿ ಓದಿ, ನರ್ಸಿಂಗ್ ಮುಗಿಸಿ, ಕೊಪ್ಪದ ಒಂದು ಸಣ್ಣ ಆಸ್ಪತ್ರೆಗೆ ಮೇಟ್ರನ್ ಆಗಿ ಬಂದವಳು ನಾನು. ಕೆಲವು ವರ್ಷಗಳಲ್ಲೇ ಊರಿನಲ್ಲಿ ಒಂದು ಮಾತು ಹುಟ್ಟಿತ್ತು: "ಅಮ್ಮ ಹೇಳಿದ್ರಾ? ಹಾಗಾದ್ರೆ ಮುಗೀತು." ಇದು ಯಾರ ಕಿವಿಗಾದರೂ ಬಿದ್ದರೆ ಬೀಳಲಿ ಎಂದು ನಾನು ಬಾಗಿಲು ಅರ್ಧ ತೆರೆದೇ ಇಡುತ್ತಿದ್ದೆ. ನನ್ನಲ್ಲಿದ್ದ ಆಸ್ತಿ ಅದೊಂದೇ, ನನ್ನ ಮಾತು. ಅದನ್ನು ಹೇಗೆ ಕಳೆದುಕೊಂಡೆ ಎಂಬುದನ್ನು ನಾನೇ ಬರೆಯುತ್ತಿದ್ದೇನೆ. ಬೇರೆಯವರು ಬರೆದರೆ ಕಾಗುಣಿತ ತಪ್ಪುತ್ತಾರೆ.

೧. ಹೊಗೆ ಬಾರದ ಒಲೆ

ಎಪ್ಪತ್ತರ ದಶಕದಲ್ಲಿ ಟೆಂಟಿನಲ್ಲಿ ಸಿನಿಮಾ ಶುರುವಾಗುವ ಮೊದಲು ಸರ್ಕಾರದ ಒಂದು ಸಾಕ್ಷ್ಯಚಿತ್ರ ತೋರಿಸುತ್ತಿದ್ದರು. ಊರಿನವರು ಅದಕ್ಕೆ 'ಬೀಡಿ ರೀಲು' ಎನ್ನುತ್ತಿದ್ದರು. ಹೊರಗೆ ನಿಂತು ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಅದು ಓಡುತ್ತಿತ್ತು. ಒಳಗೆ ಕೂತಿರುತ್ತಿದ್ದವರು ನಾನು, ನಾನು ಎಳೆದುಕೊಂಡು ಬಂದ ನಾಲ್ವರು ನರ್ಸುಗಳು, ಮತ್ತು ನಮ್ಮ ಆಯಾ.

"ಬೆನ್ನು ನೆಟ್ಟಗೆ," ಎನ್ನುತ್ತಿದ್ದೆ. "ಮುಂದೆ ಬರುವ ಸಿನಿಮಾ ಸುಳ್ಳು. ಇದು ಮಾತ್ರ ನಿಜ. ಸಾಕ್ಷ್ಯಚಿತ್ರ ಸುಳ್ಳು ಹೇಳುವುದಿಲ್ಲ."

ಒಮ್ಮೆ ಹೊಗೆ ಬಾರದ ಒಲೆಯ ಬಗ್ಗೆ ಬಂತು. ಗಂಭೀರ ದನಿಯೊಂದು ವಿವರಿಸುತ್ತಿತ್ತು, ಒಬ್ಬ ಹೆಂಗಸು ನಗುತ್ತಾ ಒಲೆಗೆ ಮಣ್ಣು ಮೆತ್ತುತ್ತಿದ್ದಳು. ನಾನು ಅಳತೆಗಳನ್ನೆಲ್ಲ ಬರೆದುಕೊಂಡು ಬಂದೆ. ಎರಡು ವಾರ ಮುಂದೆ ನಿಂತು ನರ್ಸುಗಳ ಕ್ವಾರ್ಟರ್ಸಿನ ಹಳೆಯ ಒಲೆ ಒಡೆಸಿ ಹೊಸದನ್ನು ಕಟ್ಟಿಸಿದೆ. ಉದ್ಘಾಟನೆಗೆ ಡಾಕ್ಟರನ್ನೂ ಕರೆದೆ.

ಹಚ್ಚಿ ಐದು ನಿಮಿಷವಾಗಿರಲಿಲ್ಲ, ನರ್ಸುಗಳು, ಡಾಕ್ಟರು, ನಾನು ಎಲ್ಲರೂ ಅಂಗಳದಲ್ಲಿ ಬಗ್ಗಿ ಕೆಮ್ಮುತ್ತಿದ್ದೆವು. ಕಿಟಕಿಯಿಂದ ಬರುವ ಹೊಗೆ ನೋಡಿ ರಸ್ತೆಯವರು ಕೊಡಪಾನ ಹಿಡಿದು ಓಡಿ ಬಂದರು.

"ಇದು ಹೇಗೆ ಸಾಧ್ಯ?" ಎಂದೆ, ಕಣ್ಣೊರೆಸಿಕೊಳ್ಳುತ್ತಾ. "ಅಳತೆ ಒಂದಿಂಚೂ ತಪ್ಪಿಲ್ಲ. ರೀಲಿನಲ್ಲಿ ಒಂದೆಳೆ ಹೊಗೆಯೂ ಇರಲಿಲ್ಲ!"

ಆಯಾ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹೇಳಿದಳು: "ಅದ್ರಲ್ಲಿ ಅವ್ರು ಒಲೆ ಹಚ್ಚಲೇ ಇಲ್ಲ ಅಮ್ಮಾ. ಕಟ್ಟಿದ್ದಷ್ಟೇ ತೋರ್ಸಿದ್ದು."

೨. ಸತ್ತವನ ಊರು

ಎಂಬತ್ತರ ದಶಕದಲ್ಲಿ ಮೂರು ತಾಲ್ಲೂಕಿನಲ್ಲೂ ಒಂದು ಸುದ್ದಿ ಹಬ್ಬಿತು. ಬರೀ ಕೊಲೆ, ಬರೀ ರಕ್ತ ಇರುವ ಒಂದು ಸಿನಿಮಾ ಬಂದಿದೆ. ಟೆಂಟಿನಲ್ಲಿ ಒಬ್ಬನೇ ಕೂತು ಅದನ್ನು ಕೊನೆಯವರೆಗೆ ನೋಡಿದರೆ ಬಹುಮಾನ. ಒಬ್ಬ ಹಾಗೆ ನೋಡಿದನಂತೆ, ದೀಪ ಹಾಕಿದಾಗ ಕೂತಲ್ಲೇ ಸತ್ತಿದ್ದನಂತೆ.

"ಯಾವ ಊರಿನವನು?" ಎಂದು ನಮ್ಮ ಕಂಪೌಂಡರನ್ನು ಕೇಳಿದೆ.

"ನರಸಿಂಹರಾಜಪುರದವನು ಅಮ್ಮ. ಖಂಡಿತ."

ಖಂಡಿತ ಎಂಬ ಪದವನ್ನು ಯಾರಾದರೂ ಹಗುರವಾಗಿ ಬಳಸಿದರೆ ನನಗೆ ಸಹಿಸಲಾಗುವುದಿಲ್ಲ. ಮುಂದಿನ ವಾರ ಚುಚ್ಚುಮದ್ದು ಹಾಕಲು ನರಸಿಂಹರಾಜಪುರಕ್ಕೆ ಹೋಗಿದ್ದಾಗ ಬಸ್ ಸ್ಟ್ಯಾಂಡಿನ ಹೋಟೆಲಿನವರನ್ನು ವಿಚಾರಿಸಿದೆ.

"ನಮ್ಮೂರವ ಅಲ್ಲ ಮಾರಾಯ್ರೆ," ಎಂದರು ಅವರು. "ನಮ್ಮೂರವರಿಗೆ ಅಷ್ಟು ಧೈರ್ಯ ಎಲ್ಲಿಂದ ಬರ್ಬೇಕು? ಶೃಂಗೇರಿ ಕಡೆಯವ ಅವ."

ರಜೆ ಹಾಕಿ ಶೃಂಗೇರಿಗೆ ಹೋದೆ. ಸುಳ್ಳಿನ ಬೇರು ಕೀಳುವ ಕೆಲಸಕ್ಕೆ ಒಂದು ಕ್ಯಾಶುವಲ್ ರಜೆ ಹೆಚ್ಚಲ್ಲ ಎನಿಸಿತ್ತು. ಅಲ್ಲಿಯ ಟೆಂಟಿನ ಗೇಟಿನಲ್ಲಿ ಟಿಕೆಟ್ ಹರಿಯುವವನು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ದನಿ ತಗ್ಗಿಸಿದ.

"ನೋಡಿದ್ದು ಇಲ್ಲೇ. ಆದ್ರೆ ಇಲ್ಲಿ ಸಾಯ್ಲಿಲ್ಲ. ಜೀವ ಹೋದದ್ದು ಕೊಪ್ಪದ ಆಸ್ಪತ್ರೆಯಲ್ಲಿ. ಅಲ್ಲಿ ಒಬ್ರು ಮೇಟ್ರನ್ ಇದ್ದಾರಂತೆ, ಅವ್ರೇ ಮುಖದ ಮೇಲೆ ಬಟ್ಟೆ ಎಳೆದದ್ದು. ಬೇಕಾದ್ರೆ ಅವ್ರನ್ನೇ ಕೇಳಿ. ಪ್ರಾಣ ಹೋದ್ರೂ ಸುಳ್ಳು ಹೇಳುವವರಲ್ಲ." ಅವನು ನನ್ನ ಇಸ್ತ್ರಿ ಮಾಡಿದ ಸೀರೆಯನ್ನೊಮ್ಮೆ ನೋಡಿ ಸೇರಿಸಿದ: "ಆದ್ರೆ ಸ್ವಲ್ಪ ಜಾಗ್ರತೆ. ಭಾರೀ ಬಿಗು ಹೆಂಗಸಂತೆ."

೩. ಬಿಳಿ ಹೊದಿಕೆ

ಬಂದವಳೇ ರಿಜಿಸ್ಟರ್ ತೆಗೆದೆ. ಆರು ತಿಂಗಳ ಹಿಂದಿನ ಪುಟದಲ್ಲಿ ನನ್ನದೇ ದುಂಡು ಅಕ್ಷರದಲ್ಲಿತ್ತು: 'ನರಸಿಂಹರಾಜಪುರದ ವಾಚ್ ರಿಪೇರಿಯವರು. ಹಸಿವಿನಿಂದ ತಲೆಸುತ್ತು. ಗುಣವಾಗಿ ಮನೆಗೆ ಹೋದರು.'

ಎಲ್ಲವೂ ನೆನಪಾಯಿತು. ಆ ವಾಚ್ ರಿಪೇರಿ ಸಾಹೇಬರು ಶೃಂಗೇರಿಯಲ್ಲಿ ಯಾರದೋ ಗೋಡೆ ಗಡಿಯಾರ ರಿಪೇರಿ ಮಾಡಿ, ಊಟ ಬಿಟ್ಟು ಆ ರಕ್ತದ ಸಿನಿಮಾದ ಮ್ಯಾಟಿನಿ ನೋಡಿ, ಶಿವಮೊಗ್ಗದ ಬಸ್ಸು ಹತ್ತಿದ್ದರು. ಪಕ್ಕದವರಿಗೆ ಅದರ ಕತೆ ಹೇಳುತ್ತಾ ಹೇಳುತ್ತಾ, ಕೊಪ್ಪ ಬರುವಷ್ಟರಲ್ಲಿ ಎಚ್ಚರ ತಪ್ಪಿದರು. ಕಂಡಕ್ಟರ್ ಬಸ್ಸನ್ನು ನೇರ ನಮ್ಮ ಬಾಗಿಲಿಗೆ ತಂದು ನಿಲ್ಲಿಸಿದ. ನಾಲ್ಕು ಜನ ಅವರನ್ನು ಹೊತ್ತು ಜಗಲಿಯ ಮಂಚದ ಮೇಲೆ ಮಲಗಿಸಿದರು. ನಾನು ಸಕ್ಕರೆ ನೀರು ಕುಡಿಸಿದೆ. ಅವರು ನಿದ್ದೆ ಹೋದರು.

ಆಗ ಹಲಸಿನ ಹಣ್ಣಿನ ಕಾಲ, ಊರೆಲ್ಲ ನೊಣ. ನೊಣವಿದ್ದಾಗ ಜಗಲಿಯಲ್ಲಿ ಮಲಗಿದ ರೋಗಿಗೆ ಕಾಲಿನಿಂದ ತಲೆಯವರೆಗೆ, ಒಂದೂ ಸುಕ್ಕಿಲ್ಲದಂತೆ, ಬಿಳಿ ಹೊದಿಕೆ ಎಳೆಯಬೇಕು ಎಂಬುದು ನಾನೇ ಮಾಡಿದ ನಿಯಮ. ಎಳೆದೆ. ರಸ್ತೆಯ ಬಸ್ಸಿನಲ್ಲಿ ಕಿಟಕಿ ತುಂಬ ಮುಖಗಳು. ಕಂಡಕ್ಟರ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡದ್ದನ್ನು ನಾನು ನೋಡಿದ್ದೆ. ಆಸ್ಪತ್ರೆಯ ಶಿಸ್ತಿಗೆ ತೋರಿದ ಗೌರವ ಎಂದುಕೊಂಡಿದ್ದೆ.

ಬಸ್ಸು ಹೋಯಿತು. ಒಂದು ಗಂಟೆಯ ನಂತರ ಸಾಹೇಬರು ಎದ್ದು, ಆರು ಇಡ್ಲಿ ತಿಂದು, ಇನ್ನೊಂದು ಬಸ್ಸಿನಲ್ಲಿ ಮನೆಗೆ ಹೋದರು. ಅದನ್ನು ನೋಡಲು ಆ ಮೊದಲಿನ ಬಸ್ಸಿನವರು ಯಾರೂ ಇರಲಿಲ್ಲ.

ಶೃಂಗೇರಿಯಲ್ಲಿ ಕೇಳಿದ ಆ ಮಾತು ಕೊಪ್ಪಕ್ಕೂ ಬಂತು, ಈಗ ತೊಂದರೆ ಶುರುವಾಯಿತು. ನನ್ನ ಹೊದಿಕೆ ಎಂದರೆ ರೋಗಿಗಳು ಕಾಲು ಮಡಚಿ ಗೋಡೆಗೆ ಸರಿಯತೊಡಗಿದರು. ಸತ್ತಿಲ್ಲ, ಸತ್ತಿಲ್ಲ ಎಂದು ನಾನು ಹೇಳಿದಷ್ಟೂ ಜನ ತಲೆದೂಗಿದರು: "ಪಾಪ, ಆಸ್ಪತ್ರೆ ಹೆಸರು ಉಳಿಸ್ಬೇಕಲ್ಲ ಅವ್ರಿಗೆ." ಹದಿನೈದು ವರ್ಷದಲ್ಲಿ ಮೊದಲ ಸಲ ಊರು ನನ್ನ ಮಾತನ್ನು ನಂಬಲಿಲ್ಲ.

ಬಸರೀಕಟ್ಟೆಯಿಂದ ಕಾಲು ಮುರಿದು ಬಂದ ಒಬ್ಬ ಅಜ್ಜಿಗೆ ನಾನೇ ಹೊದಿಸಲು ಹೋದೆ. ಅವರು ಎರಡೂ ಕೈಯಿಂದ ತಡೆದು ಆಯಾಳತ್ತ ತಿರುಗಿದರು.

"ನಂಗೆ ಕಂಬಳಿ ಕೊಡು ಮಾರಾಯ್ತಿ. ಆ ಬಿಳಿದು ಬೇಡ. ನಂದು ಕಾಲು ಮಾತ್ರ ಹೋದದ್ದು."

೪. ಕೆಂಪು ದೀಪ

ಆಗ ದೇವರೇ ಕಳಿಸಿದಂತೆ ಇಬ್ಬರು ಹುಡುಗರು ವಿಡಿಯೋ ಕ್ಯಾಮೆರಾ ಹೊತ್ತು ಬಂದರು. ಮದುವೆಗಳಿಗೆ ವಿಡಿಯೋ ತೆಗೆಯುವವರು. ಮದುವೆಗಳಿಲ್ಲದ ಆಷಾಢದಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಲು ಹೊರಟಿದ್ದರು: ರಕ್ತಪಾತದ ಸಿನಿಮಾ ನೋಡಿ ಜನ ಸಾಯುತ್ತಾರೆ ಎಂಬುದು ನಿಜವೋ, ಕಟ್ಟುಕತೆಯೋ?

ಸಾಕ್ಷ್ಯಚಿತ್ರ! ನನ್ನ ಮಾತನ್ನು ಅನುಮಾನಿಸಬಹುದು, ಸಾಕ್ಷ್ಯಚಿತ್ರವನ್ನು ಯಾರು ಅನುಮಾನಿಸುತ್ತಾರೆ? ನನ್ನ ನರ್ಸ್ ಟೋಪಿಗೆ ಎರಡು ಸಲ ಗಂಜಿ ಹಾಕಿಸಿದೆ.

"ಅಮ್ಮಾ, ಅವ್ರು ಸತ್ತಿಲ್ಲ ಅಂತ ಒಂದೇ ಮಾತು ಹೇಳಿ ಎದ್ದು ಬನ್ನಿ," ಎಂದಳು ಆಯಾ.

"ವಾದಕ್ಕೆ ಒಂದು ಕ್ರಮ ಇದೆ," ಎಂದೆ.

ಕಾನ್ವೆಂಟಿನ ಚರ್ಚಾಸ್ಪರ್ಧೆಯಲ್ಲಿ ಮೂರು ವರ್ಷ ಬೆಳ್ಳಿ ಕಪ್ ಗೆದ್ದವಳು ನಾನು. ನಮ್ಮ ಸಿಸ್ಟರ್ ಕಲಿಸಿದ್ದು ಹೀಗೆ: ಎದುರಾಳಿಯ ವಾದವನ್ನು ಮೊದಲು ಅವನಿಗಿಂತ ಚೆನ್ನಾಗಿ ಮಂಡಿಸು. ಮನಸ್ಸಿನಲ್ಲಿ ಐದರವರೆಗೆ ಎಣಿಸು. ಆಮೇಲೆ ಪುಡಿ ಮಾಡು.

ಮಂಡಿಸಿದೆ. "ಆ ಸಂಜೆ ಒಂದು ಬಸ್ಸು ನಮ್ಮ ಬಾಗಿಲಲ್ಲಿ ನಿಂತಿತು. ನಾಲ್ಕು ಜನ ಒಬ್ಬ ಮನುಷ್ಯನನ್ನು ಹೊತ್ತು ತಂದರು. ಅವನ ಕಣ್ಣಿನಲ್ಲಿ ಆ ಚಿತ್ರದ ಭೀತಿ ಹೆಪ್ಪುಗಟ್ಟಿತ್ತು. ನಾನು ನಾಡಿ ಹಿಡಿದೆ. ಇಲ್ಲ. ಈ ಕೈಗಳಿಂದಲೇ ಬಿಳಿ ಹೊದಿಕೆಯನ್ನು ಅವನ ಮುಖದ ಮೇಲೆ ಎಳೆದೆ." ಕೈಗಳನ್ನು ಎತ್ತಿಯೂ ತೋರಿಸಿದೆ. ಹುಡುಗರಲ್ಲೊಬ್ಬನ ಕಣ್ಣು ಒದ್ದೆಯಾಗಿತ್ತು.

ಐದರವರೆಗೆ ಎಣಿಸಿದೆ. ನಂತರ ರಿಜಿಸ್ಟರ್ ತೆರೆದು, ನೊಣ, ಹಲಸು, ಸಕ್ಕರೆ ನೀರು, ಆರು ಇಡ್ಲಿ, ಎಲ್ಲವನ್ನೂ ಒಂದೊಂದಾಗಿ ಮುಂದಿಟ್ಟು ಕಾಲು ಗಂಟೆ ಆ ವಾದವನ್ನು ಪುಡಿಪುಡಿ ಮಾಡಿದೆ. ನನ್ನ ಜೀವನದ ಅತ್ಯುತ್ತಮ ಭಾಷಣ ಅದು.

ಹುಡುಗರು ಕೈಮುಗಿದು ಹೊರಟ ಮೇಲೆ ಆಯಾ ತಲೆ ಕೆರೆದುಕೊಂಡಳು. "ಅಮ್ಮಾ, ಆ ಕ್ಯಾಮೆರಾದಲ್ಲಿ ಒಂದು ಕೆಂಪು ದೀಪ ಇತ್ತಲ್ಲ. ನೀವು ಪುಸ್ತಕ ತೆಗೆಯುವಾಗ್ಲೇ ಅದು ಆರಿತ್ತು. ನೀವು ಅಷ್ಟು ಚಂದ ಮಾತಾಡ್ತಾ ಇದ್ರಿ, ನಡುವೆ ಬಾಯಿ ಹಾಕಿದ್ರೆ ಬೈತೀರಿ ಅಂತ ಸುಮ್ನಿದ್ದೆ."

"ಅವರ ಕೆಲಸ ಅವರಿಗೆ ಗೊತ್ತು," ಎಂದೆ.

ಗೊತ್ತಿತ್ತು.

೫. ಎಲ್ಲರ ಎದುರು

ಎರಡು ತಿಂಗಳ ಮೇಲೆ ಕ್ಯಾಸೆಟ್ಟು ಕೊಪ್ಪದ ವಿಡಿಯೋ ಪಾರ್ಲರಿಗೆ ಬಂತು. ಒಂದು ಕೋಣೆ, ಒಂದು ಟಿವಿ, ಎಂಟು ಬೆಂಚು. ನಾನು ಮುಂಚೆ ನೋಡುವ ಗೋಜಿಗೆ ಹೋಗಲಿಲ್ಲ. ಸತ್ಯವನ್ನು ರಿಹರ್ಸಲ್ ಮಾಡುವುದು ನನಗೆ ಹಿಡಿಸದು. ನನ್ನ ಮೇಲೆ ಅನುಮಾನಪಟ್ಟವರನ್ನೆಲ್ಲ ಭಾನುವಾರ ಮಧ್ಯಾಹ್ನಕ್ಕೆ ಕರೆದೆ. ಕಂಬಳಿ ಕೇಳಿದ್ದ ಅಜ್ಜಿಯೂ ಊರುಗೋಲು ಊರಿಕೊಂಡು ಬಂದರು. ಕಾಗದ ಬರೆದು ನರಸಿಂಹರಾಜಪುರದಿಂದ ಸಾಹೇಬರನ್ನೂ ಕರೆಸಿ, ಗುಟ್ಟಾಗಿ ಹಿಂದಿನ ಬೆಂಚಿನಲ್ಲಿ ಕೂರಿಸಿದೆ. ಚಿತ್ರ ಮುಗಿದೊಡನೆ ಅವರನ್ನು ಎಬ್ಬಿಸಿ ನಿಲ್ಲಿಸುವುದು ನನ್ನ ಯೋಜನೆ.

ಶುರುವಾಗುವ ಮೊದಲು ನಾನೇ ಎದ್ದು ನಿಂತೆ. "ಮತ್ತೊಮ್ಮೆ ಹೇಳುತ್ತೇನೆ. ಸಿನಿಮಾ ಸುಳ್ಳು ಹೇಳಬಹುದು. ಸಾಕ್ಷ್ಯಚಿತ್ರ ಹೇಳುವುದಿಲ್ಲ. ಬೆನ್ನು ನೆಟ್ಟಗೆ ಮಾಡಿ ನೋಡಿ."

ಎಲ್ಲರೂ ಬೆನ್ನು ನೆಟ್ಟಗೆ ಮಾಡಿದರು.

ಮದುವೆ ವಿಡಿಯೋದವರಲ್ಲವೇ, ನನ್ನ ಮುಖ ಹೃದಯದ ಆಕಾರದೊಳಗಿನಿಂದ ಮೂಡಿ ಬಂತು. "ಆ ಸಂಜೆ ಒಂದು ಬಸ್ಸು..." ಎಂದು ಶುರುಮಾಡಿದೆ. ನಾಡಿ ಹಿಡಿದೆ. ಇಲ್ಲ ಎಂದೆ. ಕೈಗಳನ್ನು ಎತ್ತಿದೆ. ಆ ಕೈಗಳ ಮೇಲೆ ಗುಲಾಬಿ ಪಕಳೆಗಳು ಉದುರತೊಡಗಿದವು, ಶಹನಾಯಿ ಅಳತೊಡಗಿತು. ನಾನು ಮಾತು ನಿಲ್ಲಿಸಿ ಐದರವರೆಗೆ ಎಣಿಸುತ್ತಾ ದುಃಖ ನುಂಗಿಕೊಳ್ಳುವವಳಂತೆ ಪರದೆಯಿಂದ ನೋಡಿದೆ. ಆಗ ಒಲೆಯ ರೀಲಿನಂಥದೇ ಒಂದು ಗಂಭೀರ ದನಿ ಹೇಳಿತು: "ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?"

ಮುಗಿಯಿತು. ಅವರೂ ಒಲೆ ಕಟ್ಟಿದ್ದನ್ನಷ್ಟೇ ತೋರಿಸಿದ್ದರು, ಹಚ್ಚಿದ್ದನ್ನಲ್ಲ.

ಕೋಣೆಯಲ್ಲಿ ಮೂಗೆಳೆಯುವ ಸದ್ದು. ಅಜ್ಜಿ ಕಣ್ಣೊರೆಸಿಕೊಂಡರು. "ಕಡೆಗೂ ಒಪ್ಪಿಕೊಂಡ್ರಲ್ಲ ಅಮ್ಮಾ. ದೊಡ್ಡ ಮನಸ್ಸು ನಿಮ್ದು."

"ಸುಳ್ಳು!" ಎಂದು ಕೂಗಿದೆ. "ಇವಳು ಹೇಳುವುದನ್ನು ನಂಬಬೇಡಿ!"

"ಯಾರು ಹೇಳುವುದನ್ನು?" ಎಂದ ಪಾರ್ಲರಿನವನು.

"ನಾನು ಹೇಳುವುದನ್ನು! ಅಂದರೆ, ಅಲ್ಲಿ ನಾನು ಹೇಳುವುದನ್ನು. ಇಲ್ಲಿ ಹೇಳುವುದನ್ನು ನಂಬಿ."

ಎಲ್ಲರೂ ಟಿವಿಯನ್ನೂ ನನ್ನನ್ನೂ ತಿರುಗಿ ತಿರುಗಿ ನೋಡಿದರು. ಟಿವಿಯಲ್ಲಿದ್ದವಳ ಟೋಪಿ ನೆಟ್ಟಗಿತ್ತು. ಜನ ಅವಳ ಕಡೆಗೇ ವಾಲಿದರು. ಕೊನೆಯ ಅಸ್ತ್ರವಾಗಿ ಹಿಂದಿನ ಬೆಂಚಿಗೆ ಓಡಿ ಸಾಹೇಬರ ತೋಳು ಹಿಡಿದು ಎಬ್ಬಿಸಿದೆ. "ನೋಡಿ, ಸತ್ತವರು ಇವರೇ! ಬದುಕಿದ್ದಾರೆ!"

ಜನ ಅವರನ್ನು ಮೇಲಿಂದ ಕೆಳಗೆ ನೋಡಿದರು. ಆಯಾ ಬಹಳ ಮರ್ಯಾದೆಯಿಂದ ಹೇಳಿದಳು: "ಇವ್ರು ಬದುಕಿದ್ದಾರೆ, ಸರಿ. ರೀಲು ಸುಳ್ಳು ಹೇಳಲ್ಲ ಅಂತ ನೀವೇ ಈಗ ಹೇಳಿದ್ರಿ. ಹಾಗಾದ್ರೆ ಸತ್ತವ್ರು ಬೇರೆ ಯಾರೋ ಇರ್ಬೇಕು ಅಮ್ಮಾ."

ಎಲ್ಲರೂ ಹೌದೆಂದರು. ನಾನು ಸಾಹೇಬರತ್ತ ತಿರುಗಿದೆ. ಅವರ ಹಣೆಯೆಲ್ಲ ಬೆವರು.

"ಹೇಳಿ ಸಾಹೇಬ್ರೇ! ಆ ಸಿನಿಮಾ ನೋಡಿ ನಿಮಗೇನಾದರೂ ಆಯಿತೇ?"

"ಸಿನಿಮಾ ನೋಡಿ ಎಂತದೂ ಆಗ್ಲಿಲ್ಲ ಅಮ್ಮಾ," ಎಂದರು ಅವರು, ಗೋಡೆ ಹಿಡಿದುಕೊಳ್ಳುತ್ತಾ. "ಆದ್ರೆ ನಾನು ಸತ್ತದ್ದನ್ನ ನೀವು ಹೇಳಿದ್ದು ಕೇಳಿ ಎದೆ ಡವಡವ ಅಂತಿದೆ. ಕಣ್ಣು ಕತ್ತಲೆ ಬರ್ತಾ ಇದೆ. ಸ್ವಲ್ಪ ಹಿಡ್ಕೊಳ್ಳಿ."

ನಾಲ್ಕು ಜನ ಹೊತ್ತರು. ಅದೇ ಆಸ್ಪತ್ರೆ, ಅದೇ ಜಗಲಿ, ಅದೇ ಮಂಚ. ನಾಡಿ ನೋಡಿದೆ, ಬರೀ ಗಾಬರಿ. ಸಕ್ಕರೆ ನೀರು ಕುಡಿಸಿದೆ. ನೊಣಗಳಿದ್ದವು. ನಿಯಮ ನಿಯಮವೇ, ಒಗೆದ ಬಿಳಿ ಹೊದಿಕೆ ಬಿಡಿಸಿ ಕಾಲಿನಿಂದ ಎಳೆಯುತ್ತಾ ಬಂದೆ.

ಸಾಹೇಬರು ಕಣ್ಣು ತೆರೆಯದೆಯೇ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಎದೆವರೆಗೆ ಸಾಕು ಅಮ್ಮಾ. ಹೊರಗೆ ಬಸ್ಸು ನಿಂತಿದೆ."