ಗಂಡಸಿಲ್ಲದ ಮನ್ಯಾಗ ಕುಂಬಳಕಾಯಿ

ಇದನ್ನ ನೀವು ನಂಬಂಗಿಲ್ಲ, ಬೇಕಾದ್ರ ಬರದು ಕೊಡ್ತೀನಿ. ನಂಬಲಿಲ್ಲಾಂದ್ರೂ ನಂಗೇನ್ ಬ್ಯಾಸರಿಲ್ಲ ಬಿಡ್ರಿ, ನಮ್ಮ ಮನ್ಯಾಗ ನಾ ಟೈಮ್ ಎಷ್ಟಂತ ಹೇಳಿದ್ರೂ ಇನ್ನೊಂದ್ಸಲ ಗಡಿಯಾರ ನೋಡ್ತಾರ. ತಪ್ಪು ನಂದೇ ಅದ. ನನ್ನ ಬಾಯಿ ನನಗಿಂತ ಎರಡು ಹೆಜ್ಜಿ ಮುಂದ ಹೋಗ್ತದ, ಆಮ್ಯಾಲ ಅದನ್ನ ಹಿಡ್ಯಾಕ ನಾ ಓಡ್ಬೇಕು.

ಆ ಕುಂಬಳಕಾಯಿ ಧಾರೂರಿನ ನಮ್ಮ ಮಾಮಾ ತನ್ನ ಹೊಲದಾಗ ಬೆಳದದ್ದಂತ ತಂದು ಕೊಟ್ಟಿದ್ದ. ಎಷ್ಟು ದೊಡ್ಡದಂದ್ರ, ಜಹೀರಾಬಾದಿಗಿ ಬರೂ ಬಸ್ಸಿನ್ಯಾಗ ಕಂಡಕ್ಟರ್ ಅದಕ್ಕೂ ಅರ್ಧಾ ಟಿಕೆಟ್ ಕೇಳಿದ್ನಂತ. ಇದು ಮಾಮಾ ಹೇಳಿದ್ದು. ಈ ರೋಗ ನಂಗ ಅವ್ವನ ತವರಮನಿ ಕಡಿಂದ ಬಂದದ ಅಂತ ಅಪ್ಪ ಅಂತಾನ. ನಾಕು ದಿನ ಅದು ಆಯಿ, ಅಂದ್ರ ಅಪ್ಪನ ಅವ್ವ, ಮಲಗೂ ಹೊರಸಿನ ಬುಡಕ ಒಂದು ಗೋಣಿಚೀಲದ ಮ್ಯಾಲ ಬೀಗರಂಗ ಕುಂತಿತ್ತು. ಅದೇ ಹೊತ್ತಿಗಿ ನಂಗ ತಾಂಡೂರಿಗಿ ಹೋಗೂ ಆಸಿ. ಅಲ್ಲಿ ನಮ್ಮ ಅತ್ತಿ ಮನಿ ಅದ, ಅತ್ತಿ ಮಗಳು ಪೂಜಾ ಇದ್ದಾಳ. ಹೋದ್ರ ಒಬ್ಬಳೇ ಹೋಗ್ಬೇಕು, ಕಿಡಕಿ ಬಾಜು ಕುಂತು. ಹತ್ತನೇ ಕ್ಲಾಸ್ ಮುಗಿಸಿದಾಕಿ ಅಪ್ಪನ ಬೆರಳ ಹಿಡಕೊಂಡು ಬಸ್ ಇಳದ್ರ ಇಜ್ಜತ್ ಏನ್ ಉಳೀತದ್ರಿ? ಅವ್ವ ಮಾತ್ರ, ಒಂದು ಕೆಲಸ ನೆಟ್ಟಗ ಮಾಡಾಕ ಬರಂಗಿಲ್ಲ, ಒಬ್ಬಳೇ ಹ್ಯಾಂಗ ಹೋಗ್ತಿ ಅಂದ್ಲು. ನನ್ನ ಬಾಯಿ ಓಡೇ ಬಿಡ್ತು: ಆ ಕುಂಬಳಕಾಯಿ ಪೂರಾ ಹೆಚ್ಚಿ ಎಡಗೈಲೆ ಗಾರಿಗಿ ಮಾಡಿ ತೋರಸ್ತೀನಿ ಅಂತ. ಗಾರಿಗಿ ಅಂದ್ರ ಕುಂಬಳಕಾಯಿ, ಬೆಲ್ಲ, ಗೋಧಿ ಹಿಟ್ಟು ನಾದಿ ಎಣ್ಯಾಗ ಕರಿಯೂ ಸಿಹಿ ಪೂರಿ. ಅದಕ್ಕಿಂತ ಮೊದಲು ನಾ ಮಾಡಿದ್ದ ಅಡಗಿ ಅಂದ್ರ ಬಿಸಿ ನೀರು.

ಅವ್ವ ನನ್ನ ಮಾರಿ ನೋಡಿ ಅಂದ್ಲು, "ನಾಳಿಗಿ ನಾವು ನಾರಾಯಣಖೇಡಕ್ಕ ಕೂಸಿನ ತೊಟ್ಟಿಲ ಕಾರ್ಯಕ್ಕ ಹೋಗ್ತೀವಿ. ಸಂಜಿಗಿ ಬರೂದ್ರಾಗ ಗಾರಿಗಿ ಆಗಿದ್ರ ತಾಂಡೂರಿಗಿ ಒಬ್ಬಳೇ ಹೋಗು. ಆಗಿಲ್ಲಂದ್ರ ತಾಂಡೂರಿನ ಹೆಸರು ತಗೀಬ್ಯಾಡ."

ಮರುದಿನ ಅವರು ಹೋಗೂದೇ ತಡ, ಕಾಯಿ ಚೀಲದ ಸಮೇತ ದರದರ ಎಳಕೊಂಡು ಅಡಗಿಮನಿಗಿ ತಂದೆ. ಅದನ್ನ ಎತ್ತಾಕ ಇಬ್ಬರು ಪೈಲ್ವಾನರು ಬೇಕು. ಚಾಕು ತಗೊಂಡು ಇನ್ನೇನ್ ಇಡ್ಬೇಕು, ಹೊರಸಿನ ಮ್ಯಾಲಿಂದ ಆಯಿ ಕೆಮ್ಮಿದ್ಲು. ಆಯಿಗಿ ಕಣ್ಣು ಸರಿ ಕಾಣಂಗಿಲ್ಲ. ಖರೆ ಕಿವಿ ಮಾತ್ರ, ಬಾಜು ಮನಿ ಫ್ರಿಜ್ ತಗದ್ರ ಕೇಳಸ್ತದ.

"ಭಾಗ್ಯಾ, ಇಡೀ ಕುಂಬಳಕಾಯಿಗಿ ಹೆಣ್ಮಕ್ಕಳು ಮೊದಲ ಚಾಕು ಹಚ್ಚಬಾರದವ್ವ. ಗಂಡಸರ ಕೈಲೆ ಒಂದು ಗೀರು ಹಾಕಸು, ಆಮ್ಯಾಲ ಬೇಕಾದಂಗ ಕಡಿ."

ಅಪ್ಪ ಆಗಲೇ ನಾರಾಯಣಖೇಡದಾಗ. ವಿಡಿಯೋ ಕಾಲ್ ಮಾಡಿ ಫೋನ್ ಕಾಯಿಗಿ ಮುಟ್ಟಸ್ಲೇನು ಅಂತ ಕೇಳಿದೆ, ಆಯಿ ನಡಿಯಂಗಿಲ್ಲ ಅಂದ್ಲು. ಹೊರಗ ಬಂದು ನೋಡಿದ್ರ ಗಲ್ಲ್ಯಾಗ ಗಂಡಸಂಬೋದು ಒಂದೂ ಇಲ್ಲ. ದಿನಾ ಕಟ್ಟಿ ಮ್ಯಾಲ ಕುಂತು ನಂಗ ಬುದ್ಧಿ ಹೇಳೂ ಮಂದಿ ಆವತ್ತೇ ಎಲ್ಲಿಗಿ ಹೋಗಿದ್ರೋ. ಅಷ್ಟ್ರಾಗ ಬಾಜು ಮನಿ ಸಂಗೀತಕ್ಕ ತನ್ನ ಮಗ ಬಸೂನ್ನ ಎತ್ಕೊಂಡು ಬಾಗಿಲಕ ಬಂದ್ಲು. ಬಸೂಗ ಹತ್ತು ತಿಂಗಳು. ನೆಟ್ಟಗ ನಿಂದ್ರಾಕ ಬರಂಗಿಲ್ಲ. ಆದ್ರ ಗಂಡಸು ಗಂಡಸೇ ಅಲ್ಲೇನ್ರಿ? ಆಯಿ ಎರಡು ನಿಮಿಷ ಯೋಚನಿ ಮಾಡಿ, ನಡೀತದ ಅಂದ್ಲು.

ಸಂಗೀತಕ್ಕ ಬಸೂನ್ನ ಕುಂಬಳಕಾಯಿ ಮ್ಯಾಲ ಕುದುರಿ ಸವಾರಿ ಕುಂದರಿಸಿ ಹಿಡಕೊಂಡ್ಲು, ನಾ ಚಾಕುವಿನ ಹಿಡಿಕಿಗಿ ಅವನ ಬೊಟ್ಟು ಮುಟ್ಟಿಸಿ ಒಂದು ಗೀರು ಎಳದೆ. ರಾಜನಂಗ ಕುಂತಿದ್ದ. ಅವನಿಗಿ ಚಡ್ಡಿ ಇರಲಿಲ್ಲ. ಮುಂದ ಏನಾತಂತ ನಿಮಗ ಗೊತ್ತಾಗಿರಬೇಕು. ಸಣ್ಣ ಕೂಸುಗಳು ಹೊಟ್ಯಾಗ ಅಷ್ಟು ನೀರು ಎಲ್ಲಿ ಇಟ್ಟಿರ್ತಾವೋ. ಆಯಿ ಅದೇನ್ ಸಪ್ಪಳ ಅಂದ್ಲು. ಕಾಯಿ ತೊಳಿಯಾಕತ್ತೀನಿ ಆಯಿ ಅಂದೆ. ಸಂಗೀತಕ್ಕ ಬಾಯಿಗಿ ಸೆರಗು ಇಟ್ಕೊಂಡು ಮಗನ್ನ ಎತ್ಕೊಂಡು ಓಡಿದ್ಲು. ಆಮ್ಯಾಲ ನಾ ಕಾಯಿ ಸ್ವಚ್ಛ ಮೂರು ಸಲ ತೊಳದೆ ಅಂತ ಇಟ್ಕೋರಿ. ಮುಂದ ಹೋಗೂನು.

ಚಾಕು ಅರ್ಧಾ ಒಳಗ ಹೋಗಿ ಸಿಕ್ಕೊಂಡ್ತು. ಮ್ಯಾಲ ಜಗ್ಗಿದ್ರ ಕಾಯಿನೂ ಚಾಕಿನ ಬೆನ್ನ ಹತ್ತಿ ಮ್ಯಾಲ ಬಂತು. ಮೊಣಕಾಲ ತನಕ ಎತ್ತಿದ್ನೋ ಇಲ್ಲೋ, ಕೈ ಜಾರಿ ಧಪ್ ಅಂತ ಬಿತ್ತು. ಕಾಯಿ ಎರಡು ಹೋಳಾತು. ಕೆಳಗಿನ ಹಾಸಗಲ್ಲೂ ಎರಡು ಹೋಳಾತು. ನಮ್ಮ ಕಡಿ ನೆಲಕ್ಕ ಹಾಸೂ ಕಲ್ಲು ತಾಂಡೂರಿಂದೇ ಬರ್ತದ. ತಾಂಡೂರಿಗಿ ಹೋಗ್ಬೇಕಂದಾಕಿ ಮನ್ಯಾಗ ಕುಂತೇ ತಾಂಡೂರ ಕಲ್ಲು ಒಡದಿದ್ದೆ. ಒಂದು ಹೋಳು ಹಂಗೇ ಬಿಟ್ಟು, ಇನ್ನೊಂದರ ಬೀಜ ತಗದು, ಸಿಪ್ಪಿ ಹೆರದು, ತುರದು, ಬೆಲ್ಲ ಹಾಕಿ ಕುದಿಸಿ, ಹಿಟ್ಟು ನಾದಿ, ಕರದು ಇಡೂದ್ರಾಗ ನನ್ನ ಕೂದಲದಾಗೂ ಕುಂಬಳಕಾಯಿ ಬೀಜ ಇದ್ವು. ಆದ್ರ ಗಾರಿಗಿ ಉಬ್ಬಿದ್ವು. ಪೂಜಾಗ ಫೋನ್ ಮಾಡಿ, ನಾಳಿಗಿ ಬರ್ತೀನಿ, ಬಸ್ ಸ್ಟ್ಯಾಂಡಿಗಿ ಬಾ ಅಂತನೂ ಹೇಳ್ದೆ.

ಸಂಜಿಗಿ ಅಪ್ಪ ಬಂದವನೇ ಕಾಲು ತೊಳಕೊಂಡು ಎರಡು ಗಾರಿಗಿ ತಿಂದು, ಜಬರ್ದಸ್ತ್ ಆಗ್ಯಾವ, ನಾಳಿಗೇ ಹೋಗು ಅಂದ. ಅಷ್ಟ್ರಾಗ ಅವ್ವ ಅಡಗಿಮನಿಗಿ ಬಂದ್ಲು. ಒಂದು ಗಾರಿಗಿ ಮುರದು ಕೈಯಾಗ ಹಿಡಕೊಂಡು, ಉಳದ ಹೋಳು ಎತ್ತಿಡಾಕ ಬಗ್ಗಿದ್ಲು. ಅದನ್ನ ಬೋರಲ ಮಾಡಿ ನೋಡಿದ್ಲು. ಬುಡದಾಗ ಒಂದು ಬೆರಳುದ್ದ ಗೀರು, ಅದರ ಮ್ಯಾಲ ಹಚ್ಚಿದ ಅರಿಷಿಣ ಹಚ್ಚಿದಂಗೇ ಇತ್ತು.

"ಮುಂಜಾನೆದ್ದೇ ನಿಮ್ಮಪ್ಪನ ಕೈಲೆ ಗೀರು ಹಾಕ್ಸಿ ಅರಿಷಿಣ ಹಚ್ಚಿ ಇಟ್ಟಿದ್ದೆ. ಇನ್ನಾ ಹಂಗೇ ಅದ ನೋಡು ಭಾಗ್ಯಾ. ಕಾಯಿ ತೊಳದಿಲ್ಲೇನು?"

ನನ್ನ ಬಾಯಿ ಜಲ್ಮದಾಗ ಮೊದಲ ಸಲ ನನ್ನ ಹಿಂದ ಉಳೀತು. ಆಯಿ ಪಾಪ, ಮೊಮ್ಮಗಳ ಪರವಾಗಿ ಎದ್ದು ಕುಂತ್ಲು.

"ತೊಳದಾಳ ಬಿಡವ್ವ. ಆ ಬಸು ಕಾಯಿ ಮ್ಯಾಲ ಕುಂತಿದ್ದಾಗ ನೀರಿನ ಸಪ್ಪಳ ನನ್ನ ಕಿವೀಲೆ ಕೇಳೀನಿ."

ಅವ್ವ ಕೈಯಾಗಿನ ಗಾರಿಗಿ ನೋಡಿದ್ಲು. ಅಪ್ಪ ಮೂರನೇದು ಬಾಯಾಗ ಇಟ್ಕೊಂಡು ಹಂಗೇ ನಿಂತಿದ್ದ. ಅವ್ವ ಸಾವಕಾಶ ಮುರದ ತುಂಡು ಬುಟ್ಯಾಗ ಇಟ್ಟು, ಬುಟ್ಟಿ ನನ್ನ ಮುಂದ ಸರಿಸಿ, "ಕುಂದ್ರು," ಅಂದ್ಲು. "ತಿನ್ನು."