ತಂಬಿಗ್ಯಾಗ ಗೋದಾವರಿ, ಗ್ಲಾಸಿನ್ಯಾಗ ದ್ರಾಕ್ಷಿ

ನಾವಿಬ್ರು ಗಂಡ-ಹೆಂಡತಿ ಮನಿ ಬಾಗಲಾ ದಾಟಿದ್ವಿ ಅಂದ್ರ ಏನರೆ ಒಂದು ಫಜೀತಿ ಆಗೇ ತೀರ್ತದ. ಆಗಲಿಲ್ಲ ಅಂದ್ರ ನಾವಿನ್ನೂ ಹೊರಟೇ ಇಲ್ಲಂತ ತಿಳೀಬೇಕು. ಹೋದ ಥಂಡಿ ದಿನದಾಗ ಆದದ್ದನ್ನಂತೂ ನೆನಸಿಕೊಂಡ್ರ ಈಗೂ ನಗು ಬರ್ತದ, ಬೆನ್ನಿಗೇ ಕಣ್ಣೂ ತುಂಬತಾವ.

ದೇವರಿಗೆ ಹೂವು

ನಾಗಪುರದಾಗ ನಮ್ಮವರಿಗೆ ರೈಲ್ವೆ ನೌಕರಿ, ನಾ ಅಲ್ಲೇ ಸದರ್ ಭಾಗದ ಒಂದು ಸಾಲಿ ಟೀಚರು. ಧಾರವಾಡ ಬಿಟ್ಟು ಇಪ್ಪತ್ತು ವರ್ಷಾತು. ಲಗ್ನಾದಾಗಿನಿಂದ ಎಲ್ಲಿ ಹೋದ್ರೂ ಜೋಡಿಗೆ ಅತ್ತಿಯವರು, ಇಲ್ಲಾ ನಾದಿನಿ, ಇಲ್ಲಾ ಆಕಿ ಮಕ್ಕಳು. ಹನಿಮೂನಿಗೂ ಐದು ಮಂದಿ ಹೋಗಿದ್ವಿ! ಒಮ್ಮೆರೆ ನಾವಿಬ್ರೇ ಹೋಗಬೇಕು ಅಂತ ನನ್ನ ಆಶಾ. ಅದಕ್ಕ ನಮ್ಮವರು ನಾಶಿಕದ ಹತ್ರ ಕೆರಿ ದಂಡಿಗೆ, ದ್ರಾಕ್ಷಿ ತ್ವಾಟದ ನಡುವ, ವೈನ್ ಮಾಡೋ ಜಾಗಾದಾಗೇ ಎರಡು ದಿನಕ್ಕ ರೂಮು ಹಿಡದ್ರು.

ಆದ್ರ ಅತ್ತಿಯವರಿಗೆ ಹೇಳೋದು ಹ್ಯಾಂಗ? ಉಳ್ಳಾಗಡ್ಡಿ ಸುದ್ದಾ ಮುಟ್ಟದ ಹೆಣಮಗಳು. "ಅವ್ವಾ, ನಾಶಿಕಕ್ಕ..." ಅಂತ ಇವರು ಬಾಯಿ ತೆರದ್ರೋ ಇಲ್ಲೋ, ಅತ್ತಿಯವರು ಎರಡೂ ಕೈ ಮುಗದ್ರು.

"ತ್ರ್ಯಂಬಕೇಶ್ವರಕ್ಕ ಹೌದಲ್ಲೋ? ಹೋಗಿ ಬರ್ರಿ. ನನಗ ಮೊಣಕಾಲು ಭಾಳ ನೂಸಲಿಕ್ಕತ್ತಾವ, ನಾ ಒಲ್ಲೆ," ಅಂತಂದು, ಗೋದಾವರಿ ನೀರು ತರಲಿಕ್ಕೆ ಒಂದು ತಾಮ್ರದ ತಂಬಿಗಿ ಕೈಯಾಗ ಇಟ್ರು. ಇಬ್ಬರೂ ಹೂಂ ಅಂದು ತಂಬಿಗಿ ತಗೊಂಡ್ವಿ.

ಸೂಟ್‌ಕೇಸಿನ್ಯಾಗ ಒಂದು ಕಡೆ ತಂಬಿಗಿ ಇಟ್ಟೆ. ಇನ್ನೊಂದು ಕಡೆ ಇವರು ಗಾಂಧಿಬಾಗ್ ಬಜಾರದಾಗ ತಂದ, ದೊಡ್ಡ ದೊಡ್ಡ ಕೆಂಪು ಹೂವಿನ ಅಂಗಿ ಇಟ್ರು.

"ಏನ್ರಿ ಇದು?" ಅಂದೆ.

"ದೇವರಿಗೆ ಹೊಂಟೀವಿ, ಹೂವು ಬ್ಯಾಡೇನು?" ಅಂದ್ರು.

ಕುಡಿಯೋ ಪದ್ಧತಿ

ಅಲ್ಲಿ ವೈನ್ ರುಚಿ ತೋರಸಲಿಕ್ಕೆ ಒಬ್ಬಾಕಿ ಮ್ಯಾಡಮ್ ಇದ್ಲು. ನಮ್ಮ ಜೋಡಿ ಪುಣೆದಿಂದ ಬಂದ ಹರೇದ ಮಂದಿ ಒಂದು ಗುಂಪು. ಗ್ಲಾಸು ಹಿಂಗ ತಿರಗಸ್ರಿ, ಮೂಸಿ ನೋಡ್ರಿ, ಆಮ್ಯಾಲೆ ಒಂದು ಗುಟುಕು ತಗೋರಿ ಅಂತ ಆಕಿ ಹಿಂದಿಯೊಳಗ ಹೇಳಿದ್ಲು. ನಾ ಮೂಸಿ ನೋಡಿದೆ. ಮೇ ತಿಂಗಳದಾಗ ಹೊರಗ ಉಳಿದ ಇಡ್ಲಿ ಹಿಟ್ಟಿನ ವಾಸನಿ.

ಗ್ಲಾಸಿನ ತಳದಾಗ ಇದ್ದದ್ದು ಎರಡು ಉದ್ಧರಣಿ ಅಷ್ಟು. ನಮ್ಮವರು ಭಕ್ತಿಯಿಂದ ಕಣ್ಣು ಮುಚ್ಚಿ ಗುಟಕ್ಕಂತ ಕುಡದ್ರು. ಕುಡದು, ಹುಟ್ಟಿದಾಗಿಂದ ಬಂದ ತೀರ್ಥದ ರೂಢಿ ನೋಡ್ರಿ, ಬಲಗೈ ತಲಿಮ್ಯಾಲೆ ಒರಸಿಕೊಂಡ್ರು! ನೆಲಾ ಬಾಯಿ ಬಿಟ್ಟು ನನ್ನ ನುಂಗಬಾರದೇನು ಅನಿಸ್ತು. ಆದ್ರ ಪುಣೆ ಮಂದಿ ಇದೂ ಪದ್ಧತೀನೇ ಇರಬೇಕು ಅಂತ ತಿಳಕೊಂಡು, ಗುಟುಕು ತಗೊಂಡು ಎಲ್ಲಾರೂ ತಲಿ ಸವರಿಕೊಂಡ್ರು.

ಬರೋಬರ್ ಗೋದಾವರಿ

ಮರುದಿನ ತ್ರ್ಯಂಬಕಕ್ಕ ಹೋಗೋದು ಅಂತ ಮಾತಾಗಿತ್ತು. ಆದ್ರ ಮುಂಜಾನೆ ಕೆರಿ ದಂಡಿಗೆ ಎರಡು ಖುರ್ಚಿ ಹಾಕಿದ್ರು. ಕೂತ್ವಿ, ಕೂತೇಬಿಟ್ವಿ. "ಚಹಾ ಆತೇನವಾ?" ಅನ್ನೋರಿಲ್ಲ, "ಮಾಮೀ, ನನ್ನ ಸಾಕ್ಸ್ ಎಲ್ಲಿ?" ಅನ್ನೋರಿಲ್ಲ. ಒಂದು ತಾಸಿನ ಮ್ಯಾಲೆ ಇವರು ಸಾವಕಾಶ ಕೇಳಿದ್ರು, "ಖರೇ ಹೇಳು, ನನ್ನ ಕಟ್ಟಿಕೊಂಡು ನಿನಗ ಬ್ಯಾಸರಾಗಿಲ್ಲಲ್ಲ?" ಇಪ್ಪತ್ತು ವರ್ಷದಾಗ ಇದನ್ನ ಕೇಳಲಿಕ್ಕೆ ಪಾಪ ಅವರಿಗೆ ಜಾಗಾನೇ ಸಿಕ್ಕಿರಲಿಲ್ಲ. ಇಲ್ಲಂತ ತಲಿ ಅಲ್ಲಾಡಿಸಿದೆ.

ತ್ರ್ಯಂಬಕ ಅಲ್ಲಿಗೇ ತಪ್ಪಿತು. ರೈಲಿನ ಹೊತ್ತಾದಾಗ ತಂಬಿಗಿ ನೆನಪಾತು.

"ಇನ್ನೇನ್ ಮಾಡೋದ್ರಿ?" ಅಂದೆ.

"ಯಾಕ ಹೆದರ್ತಿ? ಈ ಕೆರಿ ಅಂದ್ರ ಡ್ಯಾಮಿನ ನೀರು, ಡ್ಯಾಮು ಕಟ್ಟಿದ್ದೇ ಗೋದಾವರಿಗೆ. ನೀರು ಬರೋಬರ್ ಅದ," ಅಂತ ಹೂವಿನ ಅಂಗಿಯವರು ತಂಬಿಗಿ ಹಿಡಕೊಂಡು ನೀರಿಗೆ ಬಗ್ಗಿದ್ರು. ಕೈಯಾಗ ತಂಬಿಗಿ ನೋಡಿ ವಾಚಮನ್ ಓಡಿ ಬಂದ, "ಸಾಹೇಬ್, ವೈನಿಗೆ ಹೊಟ್ಟಿ ಕೆಟ್ಟತೇನು? ಸಂಡಾಸ ಒಳಗ ಅದ!" ಅಂತ ಹಿಂದಿಯೊಳಗ ಕೇಳಿದ.

ಕಾಲಿಗೆ ಬಿದ್ದವರು

ನಾಗಪುರಕ್ಕ ಬಂದು ನೋಡ್ತೀವಿ, ಕ್ವಾರ್ಟರ್ಸಿನ ಬಾಗಲಕ್ಕ ಮಾವಿನ ತೋರಣ! ಕ್ಷೇತ್ರಕ್ಕ ಹೋಗಿ ಬಂದವರು ಅಂತ ಅತ್ತಿಯವರು ಹೋಳಿಗಿ ಊಟಾ ಇಟ್ಟು, ಕಾಲೊನಿ ಕನ್ನಡದ ಮಂದೀನೆಲ್ಲಾ ಕರದುಬಿಟ್ಟಿದ್ರು. ಯಾತ್ರಾ ಮಾಡಿದವರ ಕಾಲಿಗೆ ಬಿದ್ರ ಅರ್ಧಾ ಪುಣ್ಯ ಬರ್ತದಂತ ಒಬ್ಬೊಬ್ಬರೇ ಬೀಳಲಿಕ್ಕೆ ಶುರು ಮಾಡಿದ್ರು. ಬಾಜೂ ಮನಿ ಮರಾಠಿ ಕಾಕೂ, ನಮ್ಮಕಿಂತ ಎಷ್ಟೋ ದೊಡ್ಡಾಕಿ, ಆಕಿನೂ ಬಿದ್ಲು. ನಮ್ಮವರ ಮಾರಿ ಅಂಗೀ ಹೂವಿನಕಿಂತ ಕೆಂಪಾಗಿತ್ತು. ಅತ್ತಿಯವರು ತಂಬಿಗಿ ಪೂಜಾ ಮಾಡಿ, ಎಲ್ಲಾರ ಅಂಗೈಗೂ ಒಂದೊಂದು ಉದ್ಧರಣಿ ನೀರು ಹಾಕಿದ್ರು.

ಮಂದಿ ಹೋದ ಮ್ಯಾಲೆ ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ. ಅಡಿಗಿಮನ್ಯಾಗ, "ಅತ್ತಿ, ನಿಮಗ ಒಂದು ಮಾತು ಹೇಳಬೇಕಿತ್ತು," ಅಂದೆ.

ಉಳಿದ ಹೋಳಿಗಿ ಡಬ್ಬಿಗೆ ಹಾಕ್ಕೋತ ಅವರು ಕೇಳಿದ್ರು, "ದ್ರಾಕ್ಷಿ ತ್ವಾಟಾ ಹ್ಯಾಂಗಿತ್ತವಾ?"

ನನ್ನ ಕೈಯಾಗಿನ ಸೌಟು ಕೆಳಗ ಬಿತ್ತು.

"ಒಳಗ ಹೋಗಬೇಕಾದ್ರ ಅಂಗಿ ಬಿಚ್ಚಸೋ ಗುಡಿಗೆ ಯಾರರೆ ವಾರದ ಮೊದಲೇ ಹೂವಿನ ಅಂಗಿ ಇಸ್ತ್ರಿ ಮಾಡಿಸ್ಕೊಂಡು ಹೋಗ್ತಾರೇನ? ಗುಡಿ ಅಲ್ಲಂದ್ರ ನಾಶಿಕದಾಗ ಇನ್ನೇನದ, ದ್ರಾಕ್ಷಿ ತ್ವಾಟಾನೇ! ಅವನ್ನ ಹಡದಾಕಿ ನಾನು!"

"ಮತ್ತ ನಿಮ್ಮ ಮೊಣಕಾಲು?"

"ಅದಕ್ಕೇನಾಗೇದ? ಸ್ಟೂಲು ಹತ್ತಿ ತೋರಣಾ ಕಟ್ಟಿದಾಕಿ ನಾನೇ." ಆಮ್ಯಾಲೆ ಅವರ ದನಿ ಸಣ್ಣಾತು. "ನಿಮ್ಮ ಮಾವನವರ ಜೋಡಿ ನಾ ಒಂದು ದಿನಾನೂ ಒಬ್ಬಾಕೀನೇ ಎಲ್ಲೂ ಹೋಗಲಿಲ್ಲ. ಯಾವಾಗ್ಲೂ ಮಂದಿ, ಮಂದಿ. ಅವರು ಹೋದ ಮ್ಯಾಲೆ ಅದೊಂದು ಉಳೀತು. ನಿನಗ ಹಂಗಾಗಬಾರದು ಅನಿಸ್ತು."

ನಾ ಅಲ್ಲೇ ಅವರ ಕಾಲಿಗೆ ಬಿದ್ದೆ. ಆ ದಿನ ಖರೇ ಪುಣ್ಯ ಕಟ್ಟಿಕೊಂಡಾಕಿ ನಾನೊಬ್ಬಾಕೀನೇ. ಅತ್ತಿಯವರು ನನ್ನ ಎಬ್ಬಿಸಿ, ಸೆರಗಿಲೆ ಕಣ್ಣು ಒರಸಿ, ಕಿವಿ ಹತ್ರ ಬಂದು ಹೇಳಿದ್ರು:

"ಬರೋ ವರ್ಷ ರಾಮೇಶ್ವರ ಅಂತ ಹೇಳ್ರಿ, ಗೋವಾಕ್ಕ ಹೋಗ್ರಿ. ನನಗ ಮತ್ತ ಮೊಣಕಾಲು ನೂಸ್ತಾವ. ಆದ್ರ ತಂಬಿಗ್ಯಾಗ ಮಾತ್ರ ಅಲ್ಲಿ ನೀರು ತುಂಬಬ್ಯಾಡ್ರಿ, ಬಾಟ್ಲಿ ಬಿಸ್ಲೇರಿ ಹಾಕ್ಕೊಂಡು ಬರ್ರಿ. ಎಷ್ಟಂತ ಈ ಮಂದಿಗೆ ಪಾಚಿ ನಾರೋ ಕೆರಿ ನೀರು ಕುಡಸಲಿ?"