ಹೋಲ್ಡಾನ್ ಅಕ್ಕನ ಬೆನ್ನಸೆರಗು

ಮನೆಯಲ್ಲಿ ಒಬ್ಬರು ಸೂಪರ್‌ಹೀರೋ ಆಗಲು ನಿಶ್ಚಯಿಸಿದರೆ ಉಳಿದವರು ಏನಾಗಬೇಕು ಎಂಬುದನ್ನು ಯಾರೂ ಯೋಚಿಸಿದಂತಿಲ್ಲ. ಜಗತ್ತನ್ನು ಉಳಿಸಲು ಹಾರಿಹೋಗುವವರ ಹೆಗಲ ಮೇಲಿನ ಬಟ್ಟೆ ಮೊದಲು ಯಾರ ಮನೆಯ ಪರದೆಯಾಗಿತ್ತು, ಅದಕ್ಕೆ ಅಂಚು ಮಡಚಿದವರು ಯಾರು, ಅದು ಬೆನ್ನಿನ ಮೇಲೆ ನೆಟ್ಟಗೆ ಇಳಿಯುತ್ತದೆಯೋ ಇಲ್ಲವೋ ಎಂದು ನೋಡುವುದಕ್ಕೆ ಅದನ್ನು ತೊಟ್ಟು ಅಡುಗೆಮನೆಯಲ್ಲಿ ಸುತ್ತು ತಿರುಗಿದವರು ಯಾರು, ಇಂಥ ಪ್ರಶ್ನೆಗಳು ಪ್ರೇಕ್ಷಕರಿಗೆ ಹೊಳೆಯುವುದಿಲ್ಲ. ಸುತ್ತು ತಿರುಗಿದವನು ನಾನು. ನನ್ನ ಹೆಂಡತಿಯ ಎತ್ತರ, ನನ್ನ ಎತ್ತರ ಹೆಚ್ಚುಕಡಿಮೆ ಒಂದೇ. ಸುತ್ತಳತೆಯಲ್ಲಿ ಮಾತ್ರ ನಾನು ಸ್ವಲ್ಪ ಉದಾರಿ.

ಹಾನಗಲ್ಲಿನ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಫೋಟೊ ಸ್ಟುಡಿಯೋ ಇದೆ. ಈ ಕಸುಬಿನವನಿಗೆ ನೆನಪುಗಳ ಮೇಲೆ ನಂಬಿಕೆ ಉಳಿಯುವುದು ಕಷ್ಟ. ಯಾರದೋ ಮದುವೆಯ ಆಲ್ಬಮ್ಮಿನಲ್ಲಿ ಮುಖ ಗಂಟಿಕ್ಕಿಕೊಂಡು ನಿಂತ ಮದುಮಗನ ಮಾವನನ್ನು ಬೇರೊಂದು ಫೋಟೊದಿಂದ ನಗುವ ತಲೆ ತಂದು ನಗಿಸಿದ್ದೇನೆ. ಕೆಲವು ವರ್ಷಗಳ ಮೇಲೆ ಅದೇ ಮಾವ ಬಂದು ಕುಳಿತು, “ಅವತ್ತು ನಾ ಎಷ್ಟ್ ಖುಷಿ ಇದ್ದೆ ನೋಡ್ರಿ” ಎಂದು ನನಗೇ ತೋರಿಸಿದ್ದಾನೆ. ಅಂದಿನಿಂದ ಯಾರು ಏನನ್ನೇ ಚೊಕ್ಕವಾಗಿ ನೆನಪಿಸಿಕೊಂಡರೂ ನನಗೆ ಅದರ ಅಂಚಿನಲ್ಲಿ ಕತ್ತರಿಯ ಗುರುತು ಕಾಣುತ್ತದೆ. ಈಗ ಹೇಳುವುದನ್ನೂ ನಾನು ಬೇರೆ ಬೇರೆ ಜನರಿಗೆ ಬೇರೆ ಬೇರೆ ಥರ ಹೇಳಿದ್ದೇನೆ. ಎಲ್ಲಿ ಅನುಮಾನವಿದೆಯೋ ಅಲ್ಲಲ್ಲೇ ಒಪ್ಪಿಕೊಳ್ಳುತ್ತ ಹೋಗುತ್ತೇನೆ.

ಹೆಂಡತಿ ಕಸ್ತೂರಿ ಬಸ್ ಕಂಡಕ್ಟರ್. ಇಂದು ಶಿಗ್ಗಾವಿ, ನಾಳೆ ಹಿರೇಕೆರೂರು, ನಾಡಿದ್ದು ಸವಣೂರು, ಡಿಪೋದವರು ಹಾಕಿದ ಕಡೆ ಹೋಗುತ್ತಾಳೆ. ಡಿಪೋದಲ್ಲಿ ವರ್ಷಕ್ಕೊಮ್ಮೆ ನೌಕರರ ಸಮಾರಂಭ ನಡೆಯುತ್ತದೆ. ಹೆಂಗಸರಿಗೆ ರಂಗೋಲಿ, ಗಂಡಸರಿಗೆ ಹಗ್ಗ ಜಗ್ಗಾಟ, ಕೊನೆಗೆ ಛದ್ಮವೇಷ. ಛದ್ಮವೇಷದಲ್ಲಿ ಪ್ರತಿ ಸಲ ಮೀಸೆಯ ಡ್ರೈವರನೊಬ್ಬ ಸೀರೆ ಉಟ್ಟು ಬರುತ್ತಾನೆ, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ, ಬಹುಮಾನ ಅವನಿಗೇ. ಈ ಸಲ ಕಸ್ತೂರಿ ತನ್ನ ಹೆಸರು ಕೊಡಲು ಹೋದಳು. ಡಿಪೋದ ಕ್ಲಾರ್ಕ್ ಪೆನ್ನು ಕೆಳಗಿಟ್ಟ.

“ಅಕ್ಕಾರ, ಹೆಣ್ಣಮಕ್ಕಳಿಗೆ ರಂಗೋಲಿ ಐತಲ್ರಿ. ಛದ್ಮವೇಷದಾಗ ಹೆಣ್ಣಾಗಾಕ ನಮ್ಮ ಗಂಡಸ್ರ ಅದಾರ.”

“ನಾ ಹೆಣ್ಣ ಆಗಂಗಿಲ್ರಿ. ಸೂಪರ್‌ಹೀರೋ ಆಗ್ತೇನಿ. ಹೆಸರು ಬರಕೋರಿ.”

ಕ್ಲಾರ್ಕ್ ಬರೆದುಕೊಂಡ, ಆದರೆ ನಿಯಮ ಓದಿ ಹೇಳುವ ದನಿಯಲ್ಲಿ ಎಚ್ಚರಿಸಿದ: “ಬಾಡಗಿ ಡ್ರೆಸ್ ನಡೆಯಂಗಿಲ್ಲ, ಮನ್ಯಾಗ ಮಾಡಿದ್ದ ಇರಬೇಕು. ಸ್ಟೇಜಿನ ಮ್ಯಾಲೆ ಒಂದ್ ತುಂಡು ಕಳಚಿ ಬಿತ್ತಂದ್ರೂ ಔಟ್.”

ಅದನ್ನು ಆಕೆ ಮನೆಗೆ ಬಂದು ರೊಟ್ಟಿ ತಟ್ಟುತ್ತ ಹೇಳಿದಳು. ನಾನು ನಕ್ಕೆ. ಆಕೆ ನಗಲಿಲ್ಲ. “ಪ್ರತಿ ವರ್ಷ ಆ ಸ್ಟೇಜಿನ ಮುಂದ ರಂಗೋಲಿ ಹಾಕೇನಿ, ಕೆಳಗ ಕುಂತು ಚಪ್ಪಾಳಿ ಹೊಡದೇನಿ. ಒಮ್ಮೆ ಮ್ಯಾಲಿಂದ ನೋಡಬೇಕ್ರಿ, ಕುಂತವರು ಹೆಂಗ ಕಾಣ್ತಾರಂತ” ಎಂದಳು. ಆಮೇಲೆ ನಾನು ನಗಲಿಲ್ಲ.

ಯಾವ ಹೀರೋ ಎಂದು ಕೇಳಿದೆ. ಹಾರುವವನೋ, ಬೆಂಕಿ ಉಗುಳುವವನೋ. “ಹಾರೋವ್ರು ಭಾಳ ಅದಾರ, ನಿಲ್ಲಸೋವ್ರ ಇಲ್ಲ” ಎಂದಳು. ಆಕೆಯ ಹೀರೋಗೆ ಇದ್ದದ್ದು ಒಂದೇ ಶಕ್ತಿ. ಬಸ್ಸು ನಿಲ್ಲಿಸುವಾಗಿನಂತೆ ಸೀಟಿ ಊದಿ ‘ಹೋಲ್ಡಾನ್’ ಎಂದರೆ ಎದುರಿಗಿದ್ದದ್ದು ಏನೇ ಇರಲಿ ನಿಲ್ಲಬೇಕು. ಜಗಳವಾಗಲಿ, ಪ್ರವಾಹವಾಗಲಿ, ಮೇಲಧಿಕಾರಿಯ ಭಾಷಣವಾಗಲಿ. ಹೆಸರು ಹೋಲ್ಡಾನ್ ಅಕ್ಕ.

ಫೋಟೊದವನಾದ ನನಗೆ ಸೌಂದರ್ಯದೃಷ್ಟಿ ಇದೆ ಎಂಬ ಭ್ರಮೆಯಿಂದ ಮೊದಲ ವೇಷವನ್ನು ನಾನೇ ಮಾಡಿದೆ. ಟಿವಿ ಬಂದ ರಟ್ಟಿನ ಪೆಟ್ಟಿಗೆ, ಅದರೊಳಗಿನ ಥರ್ಮೋಕೋಲು, ಮೇಲೆ ಬಂಗಾರ ಬಣ್ಣದ ಕಾಗದ. ಎದೆಯ ಮೇಲೆ ಮಿಂಚು. ನಾನೇ ತೊಟ್ಟು ಕನ್ನಡಿಯ ಮುಂದೆ ನಿಂತರೆ ಅದ್ಭುತವಾಗಿತ್ತು. ಕಸ್ತೂರಿ ಸುತ್ತಲೂ ನೋಡಿ, “ಕುಂತ್ರಿ ನೋಡೋಣ” ಎಂದಳು. ಕುಳಿತೆ. ಎದೆಯ ಕವಚ ಮೇಲೇರಿ ಮೂಗಿನವರೆಗೆ ಬಂತು. “ಕೈ ಎತ್ರಿ.” ಎತ್ತಲಾಗಲಿಲ್ಲ. “ಕುಂತ್ರ ಕಣ್ಣ ಕಾಣಂಗಿಲ್ಲ, ನಿಂತ್ರ ಕೈ ಏಳಂಗಿಲ್ಲ. ಇಂಥಾಂವ ಯಾರನ್ನ ಉಳಸ್ತಾನ್ರಿ?” ಎಂದು ನನ್ನನ್ನು ಪೆಟ್ಟಿಗೆಯಿಂದ ಬಿಡಿಸಿದಳು.

ಅಲ್ಲಿಂದ ಆಕೆ ಕೆಲಸ ಕೈಗೆತ್ತಿಕೊಂಡ ರೀತಿಯನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಕೆಲಸವಿಲ್ಲದವರು ಬಾವಿ ತೋಡುವುದನ್ನು ನೋಡುವ ಹಾಗೆ. ಹಳೆಯ ಖಾಕಿ ಸಮವಸ್ತ್ರವನ್ನು ಬಿಚ್ಚಿ, ಕಂಕುಳಲ್ಲಿ ಬೇರೆ ಬಟ್ಟೆಯ ಪಟ್ಟಿ ಕೂಡಿಸಿ ಮತ್ತೆ ಹೊಲಿದಳು. ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯುವವರ ಕೈ ಎಷ್ಟು ಎತ್ತರ ಹೋಗಬೇಕೆಂದು ಆಕೆಗೆ ಗೊತ್ತು. ನಡುಪಟ್ಟಿಗೆ ಪಂಕ್ಚರ್ ಅಂಗಡಿಯಿಂದ ಒಡೆದ ಟ್ಯೂಬು. ಕೈಗವಸಿನ ಹೆಬ್ಬೆರಳಿನ ತುದಿ ಕತ್ತರಿಸಿದಳು. ಯಾಕೆಂದರೆ ಹೆಬ್ಬೆರಳಿಲ್ಲದೆ ಟಿಕೆಟ್ ಯಂತ್ರ ಒತ್ತುವುದು ಹೇಗೆ? ಜಗತ್ತು ಉಳಿಸುವಾಗ ಟಿಕೆಟ್ ಯಾಕೆ ಎಂದು ಕೇಳಿದ್ದಕ್ಕೆ, “ಉಳದವರು ಮನಿಗೆ ಹೋಗಬೇಕಲ್ರಿ” ಎಂದಳು. ಸೂಪರ್‌ಹೀರೋಗಳ ಬಗ್ಗೆ ಇಷ್ಟು ತೂಕದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಉಳಿದದ್ದು ಬೆನ್ನಿಗೆ ಇಳಿಬೀಳುವ ಬಟ್ಟೆ. ಅದಕ್ಕೆ ನನ್ನ ಅವ್ವ ‘ಬೆನ್ನಸೆರಗು’ ಎಂದು ಹೆಸರಿಟ್ಟಳು. ಅದಕ್ಕಿಂತ ಒಳ್ಳೆಯ ಶಬ್ದ ಸಿಗದೆ ನಾನೂ ಹಾಗೇ ಅನ್ನುತ್ತೇನೆ. ಮೊದಲ ಬೆನ್ನಸೆರಗು ನನ್ನ ಸ್ಟುಡಿಯೋದ ಪರದೆ. ನೀಲಿ ಆಕಾಶ, ಅದರಿಂದ ಬೀಳುವ ಜಲಪಾತ, ಈ ಭಾಗದ ಎಷ್ಟೋ ನವದಂಪತಿಗಳು ಅದರ ಮುಂದೆ ನಿಂತಿದ್ದರು. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅರ್ಧ ಜಲಪಾತ ಮಾಯವಾಗಿತ್ತು.

ಬಸ್ಸಿನಲ್ಲಿ ತಾಳದ ವೇಷ ಸ್ಟೇಜಿನ ಮೇಲೂ ತಾಳುವುದಿಲ್ಲ ಎಂಬುದು ಕಸ್ತೂರಿಯ ನಂಬಿಕೆ. ಹೀಗಾಗಿ ಅಕ್ಕಿಆಲೂರಿನ ಸಂತೆಯ ದಿನ ಅದನ್ನು ನನಗೆ ತೊಡಿಸಿ ತನ್ನದೇ ಬಸ್ಸು ಹತ್ತಿಸಿದಳು. (ರಟ್ಟೀಹಳ್ಳಿ ಬಸ್ಸು ಎಂದು ಆಕೆ ಈಗ ಹೇಳುತ್ತಾಳೆ. ಬದನೆಕಾಯಿ ಬುಟ್ಟಿಯ ಅಜ್ಜಿ ನನಗೆ ಚೆನ್ನಾಗಿ ನೆನಪಿರುವುದರಿಂದ ಸಂತೆ ಎನ್ನುತ್ತೇನೆ. ಬದನೆಕಾಯಿ ರಟ್ಟೀಹಳ್ಳಿಗೂ ಹೋಗುತ್ತದಲ್ಲ ಎನ್ನುತ್ತಾಳೆ ಆಕೆ.) ಆ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾವ ದೇವರ ಹರಕಿಯಪಾ ಇದು?” ಎಂದು ಕೇಳಿದಳು. ನಾನು ಕಸ್ತೂರಿಯ ಕಡೆ ನೋಡಿದೆ. ಆಕೆ ಗುರುತೇ ಇಲ್ಲದವಳಂತೆ, “ಟಿಕೆಟ್ ತಗೋರಿ, ಟಿಕೆಟ್” ಎಂದು ನನ್ನ ಮುಂದೆ ಕೈ ಚಾಚಿದಳು.

“ಮನಿದೇವರದು” ಎಂದೆ ನಾನು. ಅದು ಪೂರ್ತಿ ಸುಳ್ಳೂ ಅಲ್ಲ.

ಅಜ್ಜಿ ಭಕ್ತಿಯಿಂದ ನನಗೆ ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟು, ನನ್ನ ಜಲಪಾತದ ಮೇಲೆಯೇ ಕುಳಿತಳು. ನಾನು ಇಳಿಯಬೇಕಾದಾಗ ಎದ್ದೆ. ಬೆನ್ನಸೆರಗು ಏಳಲಿಲ್ಲ. ಕುತ್ತಿಗೆ ಬಿಗಿದು ಕಣ್ಣು ಹೊರಗೆ ಬಂದವು. ಬಸ್ಸಿನ ಆ ತುದಿಯಿಂದ ಕಸ್ತೂರಿ ನೋಡುತ್ತಿದ್ದಳು, ಕನಿಕರದಿಂದಲ್ಲ, ಅಳತೆಯಿಂದ. ಅಂದು ಸಂಜೆಯೇ ಕುತ್ತಿಗೆಗೆ ಕಟ್ಟಿದ್ದ ಗಂಟು ಬಿಚ್ಚಿ ಹೆಗಲ ಮೇಲೆ ಟಿಚ್ ಬಟನ್ ಹಚ್ಚಿದಳು. ಒಮ್ಮೆ ಜಗ್ಗಿದರೆ ಸಾಕು, ಕಳಚುತ್ತದೆ.

ಇನ್ನೊಂದು ದೋಷ ಉಳಿಯಿತು. ಕಿಟಕಿಯ ಗಾಳಿಗೆ ಜಲಪಾತ ಹಾರಿ ತಲೆಯ ಮೇಲೆ ಬೀಳುತ್ತಿತ್ತು. ಅಲ್ಲಿಯವರೆಗೆ ಸುಮ್ಮನಿದ್ದ ಅವ್ವ, “ಅದಕ್ಕ ತೂಕ ಇಲ್ಲ. ಕೌದಿ ಹೊಲಿಯೋಣ ತಡಿ” ಎಂದಳು. ಅವ್ವನ ತವರು ಹತ್ತಿಮತ್ತೂರು. ಹಳೆಯ ಬಟ್ಟೆಗಳನ್ನು ಪದರ ಪದರ ಕೂಡಿಸಿ, ಸಾಲು ಸಾಲಾಗಿ ಕೈಹೊಲಿಗೆ ಹಾಕಿ ಹೊದೆಯಲು ಕೌದಿ ಮಾಡುವುದರಲ್ಲಿ ಆಕೆಗೆ ಬೇಸರವೆಂಬುದೇ ಇಲ್ಲ. ಅತ್ತೆ ಸೊಸೆ ಎದುರುಬದುರು ಕುಳಿತರು. ಜಲಪಾತ ಒಳಪದರವಾಯಿತು. ಮೇಲೆ ಕಸ್ತೂರಿಯ ಸವೆದ ಖಾಕಿ, ಅವ್ವನ ಇಳಕಲ್ ಸೀರೆಯ ಕೆಂಪು ಸೆರಗು, ಖಣದ ಕುಪ್ಪಸಗಳ ಚೌಕಗಳು. ಒಬ್ಬರ ಹೊಲಿಗೆ ಇನ್ನೊಬ್ಬರಿಗೆ ಸರಿ ಕಾಣುತ್ತಿರಲಿಲ್ಲ, ಆದರೆ ಬಿಚ್ಚಿ ಮತ್ತೆ ಹಾಕುವಾಗ ಇಬ್ಬರೂ ಒಂದೇ ಹಾಡಿನ ಬೇರೆ ಬೇರೆ ಸಾಲು ಗುನುಗುತ್ತಿದ್ದರು. ತೊಟ್ಟು ನೋಡಿದೆ. ನನ್ನ ಬೆನ್ನು ನೆಟ್ಟಗಾಯಿತು. ಅದು ಬಟ್ಟೆಯ ತೂಕಕ್ಕೋ, ಬೇರೆ ಯಾವುದಕ್ಕೋ ಗೊತ್ತಿಲ್ಲ. ಅಷ್ಟು ಚೆಂದದ ವಸ್ತುವನ್ನು ನನ್ನ ಸ್ಟುಡಿಯೋದ ಯಾವ ಪರದೆಯ ಮುಂದೆಯೂ ನಾನು ಕಂಡಿರಲಿಲ್ಲ.

ಕೊನೆಯ ಮೂಲೆ ಮಾತ್ರ ತೆರೆದೇ ಇತ್ತು. “ಅದರ ಹೊಟ್ಟಿ ತುಂಬಸದ ಬಾಯಿ ಹೊಲಿಯಂಗಿಲ್ಲ” ಎಂದಳು ಅವ್ವ. ಕೌದಿ ಮುಗಿಸುವಾಗ ಒಳಗೆ ಒಂದು ತುತ್ತು ಇಡುವುದು ಆಕೆಯ ತವರಿನ ರೂಢಿ. ಸಾಮಾನ್ಯವಾಗಿ ಒಣ ಚಪಾತಿಯ ಚೂರು. ಅಂದು ಮನೆಯಲ್ಲಿ ಹೋಳಿಗೆ ಮಾಡಿದ್ದರು. “ಹೀರೋ ಅಂದ್ರ ಹೆಚ್ಚು ಹಸಿತಾನ” ಎಂದು ಯಾರೋ ಅಂದರು. ಅವ್ವ ನನ್ನ ಹೆಸರು ಹೇಳುತ್ತಾಳೆ, ನಾನು ಕಸ್ತೂರಿಯ ಹೆಸರು ಹೇಳುತ್ತೇನೆ, ಕಸ್ತೂರಿ ತಾನು ಆಗ ಡ್ಯೂಟಿಯಲ್ಲಿದ್ದೆ ಎನ್ನುತ್ತಾಳೆ. ಹೋಳಿಗೆ ಒಳಗೆ ಹೋದದ್ದು ಮಾತ್ರ ನಿಜ. ಇಡಿಯಾಗಿ.

ಸಮಾರಂಭದ ದಿನ ಡಿಪೋದ ಅಂಗಳದಲ್ಲಿ ಸ್ಟೇಜು. ಮುಂದಿನ ಸಾಲಿನಲ್ಲಿ ಡ್ರೈವರುಗಳು, ಅವರ ನಡುವೆ ಅವ್ವ. ಸ್ಟೇಜಿನ ಬುಡದಲ್ಲಿ ಕ್ಯಾಮೆರಾ ಹಿಡಿದು ನಾನು. ಸೀರೆ ಉಟ್ಟ ಮೀಸೆಯವನು ಬಂದು ಹೋದ, ಎಲ್ಲರೂ ನಕ್ಕರು. ಆಮೇಲೆ ಕಸ್ತೂರಿ ಬಂದಳು, ಯಾರೂ ನಗಲಿಲ್ಲ. ಬೆಳಗಿನ ಬಿಸಿಲು ಇಳಕಲ್ಲಿನ ಕೆಂಪಿನ ಮೇಲೆ ಬಿದ್ದಿತ್ತು. ಆಕೆ ಕೆಳಗೆ ಕುಳಿತವರನ್ನು ಒಂದು ಸಲ ಈ ತುದಿಯಿಂದ ಆ ತುದಿಗೆ ನೋಡಿದಳು, ನಿಧಾನವಾಗಿ, ಬಸ್ಸಿನಲ್ಲಿ ಟಿಕೆಟ್ ತೆಗೆಯದವರು ಯಾರೆಂದು ನೋಡುವ ಹಾಗೆ. “ನಾನು ಹೋಲ್ಡಾನ್ ಅಕ್ಕ” ಎಂದು ಶುರು ಮಾಡಿದಳು.

ಕ್ಯಾಮೆರಾದ ಕಣ್ಣಿನಲ್ಲಿ ಆಕೆಯ ಮುಖ ಹತ್ತಿರ ತಂದೆ. ಕೊರಳಿನ ಬಳಿ ಒಂದು ಕೆಂಪು ದಾರ ಕಂಡಿತು. ದಾರ ಚಲಿಸುತ್ತಿತ್ತು. ಕೆಂಪಿರುವೆಗಳು. ಹೋಳಿಗೆಯ ವಾಸನೆ ಹಿಡಿದು ಯಾವಾಗಲೋ ಒಳಗೆ ಬಿಡಾರ ಹೂಡಿದ್ದವು, ಬಿಸಿಲಿಗೆ ಎದ್ದು ಹೊರಟಿದ್ದವು.

ಆಕೆಯ ಕೈ ಹೆಗಲಿನ ಟಿಚ್ ಬಟನ್ನಿಗೆ ಹೋಯಿತು. ಒಮ್ಮೆ ಜಗ್ಗಿದ್ದರೆ ಮುಗಿಯುತ್ತಿತ್ತು. ಬದಿಯಲ್ಲಿ ನಿಂತ ಕ್ಲಾರ್ಕ್ ಆ ಕೈಯನ್ನೇ ನೋಡುತ್ತಿದ್ದ. ಒಂದು ತುಂಡು ಕಳಚಿದರೂ ಔಟ್. ಕೆಳಗೆ ಅವ್ವ ತನ್ನ ಕೌದಿಯನ್ನು ನೋಡುತ್ತ ಬಾಯಿ ತೆರೆದು ಕುಳಿತಿದ್ದಳು. ಕೈ ಹೆಗಲಿನಿಂದ ಇಳಿಯಿತು. ಕಣ್ಣಿನಲ್ಲಿ ನೀರು ಬಂತು, ಕುತ್ತಿಗೆ ಅಲುಗಲಿಲ್ಲ. ಮುಂದಿನ ಮಾತು ಬಿಟ್ಟು ಆಕೆ ಸೀಟಿ ಬಾಯಿಗಿಟ್ಟು ಊದಿದಳು. ಆಕೆಯ ಉರಿಯೆಲ್ಲ ಅದರಲ್ಲಿತ್ತು. ಆಮೇಲೆ, ಎದೆಯ ತಳದಿಂದ ಬಂದ ದನಿಯಲ್ಲಿ, “ಹೋಲ್ಡಾನ್.”

ಮುಂದಿನ ಸಾಲಿನ ಡ್ರೈವರುಗಳ ಬಲಗಾಲುಗಳೆಲ್ಲ ಬ್ರೇಕ್ ತುಳಿಯುವ ಹಾಗೆ ಒಟ್ಟಿಗೆ ನೆಲ ಒತ್ತಿದವು. ಹಿಂದುಗಡೆ ತೊಳೆಯುವ ಜಾಗದಿಂದ ಹಿಂದಕ್ಕೆ ಬರುತ್ತಿದ್ದ ಒಂದು ಬಸ್ಸು ಗಕ್ಕನೆ ನಿಂತಿತು. ಅದರ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, “ಏನಾತ್ರಿ ಅಕ್ಕಾರ?” ಎಂದು ಕೇಳಿದ. ಆಮೇಲೆ ಎದ್ದ ಚಪ್ಪಾಳೆಯನ್ನು ನಾನು ಬಣ್ಣಿಸುವುದಿಲ್ಲ, ಬಣ್ಣಿಸಿದರೆ ನನ್ನ ಕಸುಬಿನ ಕತ್ತರಿ ಕೈಗೆ ಬರುತ್ತದೆ. ಇಷ್ಟು ನಿಜ: ಸೀರೆಯ ಮೀಸೆಯವನೇ ಮೊದಲು ಎದ್ದು ನಿಂತ. ಬಹುಮಾನ ಕೊಡುವಾಗ ಕ್ಲಾರ್ಕ್ ಬೆನ್ನಸೆರಗನ್ನು ಮುಟ್ಟಿ ನೋಡಿ, ಕೈ ಝಾಡಿಸುತ್ತ, “ಮನ್ಯಾಗ ಮಾಡಿದ್ದ ಐತಿ, ಖಾತ್ರಿ ಆತು” ಎಂದ.

ಮನೆಗೆ ಬಂದು ಅವ್ವ ಆಕೆಯ ಕುತ್ತಿಗೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಾಗ ಕಸ್ತೂರಿ ಕೇಳಿದಳು. “ಹೋಲ್ಡಾನ್ ಅಂದಾಗಿಂದು ಫೋಟೊ ತೋರಸ್ರಿ.”

ತೋರಿಸಲು ಇರಲಿಲ್ಲ. ಅದರ ಹಿಂದಿನದು ಇತ್ತು, ಬಹುಮಾನದ್ದು ಇತ್ತು. ಆ ಒಂದು ಗಳಿಗೆಯದು ಇಲ್ಲ. ಮರುದಿನ ಆಕೆಯನ್ನು ಸ್ಟುಡಿಯೋಕ್ಕೆ ಕರೆದು, ಇರುವೆ ಹೋಗುವಂತೆ ಝಾಡಿಸಿ ತೊಳೆದ ಬೆನ್ನಸೆರಗು ತೊಡಿಸಿ, ಬರಿಗೋಡೆಯ ಮುಂದೆ ನಿಲ್ಲಿಸಿ ಮತ್ತೆ ತೆಗೆದೆ. ಈಗ ಅದು ದೊಡ್ಡದಾಗಿ ಅಂಗಡಿಯಲ್ಲಿ ತೂಗುತ್ತಿದೆ. ಅಂದು ಡಿಪೋದಲ್ಲಿ ಇದ್ದವರು ಕೂಡ ನೋಡಿ, ಇದೇ ಆ ಗಳಿಗೆ ಎಂದು ಗುರುತಿಸುತ್ತಾರೆ. ಕಸ್ತೂರಿ ಒಮ್ಮೆ ನೋಡಿ, “ಈಕೀನ್ನ ಏನೂ ಕಚ್ಚಿಲ್ಲ ಬಿಡ್ರಿ” ಎಂದು ಡ್ಯೂಟಿಗೆ ಹೋದಳು.

ಫೋಟೊ ಯಾಕೆ ತೆಗೆಯಲಿಲ್ಲ ಎಂದು ಕೇಳಿದವರಿಗೆ ಬ್ಯಾಟರಿ ಮುಗಿದಿತ್ತು ಎಂದಿದ್ದೇನೆ, ಯಾರೋ ಅಡ್ಡ ಬಂದರು ಎಂದೂ ಅಂದಿದ್ದೇನೆ. ನಡೆದದ್ದು ಇಷ್ಟೆ. ಬೆರಳು ಗುಂಡಿಯ ಮೇಲಿತ್ತು, ಆಕೆ ಹೋಲ್ಡಾನ್ ಎಂದಳು, ಬೆರಳು ನಿಂತಿತು. ಅಂದು ಆಕೆಯ ಮಾತಿಗೆ ನಿಂತವು ಎರಡು, ಒಂದು ಬಸ್ಸು, ಇನ್ನೊಂದು ನಾನು. ಬಸ್ಸಿಗೆ ಸ್ವಲ್ಪ ಹೊತ್ತಿನ ಮೇಲೆ ಯಾರೋ ‘ರೈಟ್’ ಎಂದರು, ಅದು ಹೋಯಿತು. ನನಗೆ ಇನ್ನೂ ಯಾರೂ ಅಂದಿಲ್ಲ.